ನೈಟ್ರೇಟಿನಿಂದ ಅಮೋನಿಯಾ

ನೀರಿನಲ್ಲಿ ಕರಗಿ ಅದನ್ನು ಪಾನಕ್ಕೆ ಅಯೋಗ್ಯವಾಗಿಸುವ ನೈಟ್ರೇಟನ್ನು, ವಿದ್ಯುತ್ತಿನಿಂದಲೂ ಲೋಹದ ವೇಗವರ್ಧಕದ ನೆರವಿನಿಂದಲೂ ಅಪಕರ್ಷಿಸಿ, ಗೊಬ್ಬರಕ್ಕೆ ಮೂಲವಾದ ಅಮೋನಿಯಾ ಆಗಿಸುವ ವಿಧಾನ.

ನಾಗಮಂಗಲದ ಕಡೆಯಿಂದ ಹರಿದುಬರುವ ಲೋಕಪಾವನಿಯು ಕಾವೇರಿಯನ್ನು ಸೇರುವ ಕರಿಘಟ್ಟದ ಮೇಲೆ ನಿಂತವರಿಗೆ ಸುತ್ತಣ ಬತ್ತ, ಕಬ್ಬುಗಳ ಹಸುರು ಕಾಣುವುದೇ ಹೊರತು, ಆ ಹಸುರಿಗಾಗಿ ಎರಚಿದ ಯೂರಿಯಾದಲ್ಲಿ ಪೈರು ಹೀರದೆ ಉಳಿದ ಭಾಗವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಟ್ಟು, ನಾಲೆಯ ನೀರಿನೊಡನೆ ಅಂತರ್ಜಲಕ್ಕೆ ಇಳಿಯುವುದು ಕಾಣದು. ತಿಪ್ಪೆಗುಂಡಿ, ಮಲಗುಂಡಿಗಳೂ ತಮ್ಮ ಪಾಲನ್ನು ಕೂಡಿಸುತ್ತವೆ. ಭಾರತೀಯ ಮಾನಕದಂತೆ ಲೀಟರು ನೀರಿನಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಕೂಡದು. ಮಂಡ್ಯ ಜಿಲ್ಲೆಯಲ್ಲಿ ಈ ಮಿತಿಯನ್ನು ದಾಟಿದ ಕೊಳವೆಬಾವಿಗಳುಂಟು. ಇಂಥ ನೀರನ್ನು ಬೆರೆಸಿದ ಸೀಸೆಹಾಲನ್ನು ಕುಡಿದ ಎಳೆಗೂಸುಗಳ ರಕ್ತವು ಆಮ್ಲಜನಕವನ್ನು ಹೊರಲಾರದೆ ಮೈ ನೀಲಿಗಟ್ಟುವುದನ್ನು ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಪ್ರಕಟಿಸಿದನು. ಈ ಒಂದು ಕಾರಣವೇ ವಿಷಯದ ಗುರುತ್ವಕ್ಕೆ ಸಾಕು.

ಋಣಾಗ್ರದಲ್ಲಿ ನೈಟ್ರೇಟು ಅಯಾನೊಂದು ಎಂಟು ಎಲೆಕ್ಟ್ರಾನುಗಳನ್ನೂ ಒಂಬತ್ತು ಪ್ರೋಟಾನುಗಳನ್ನೂ ಪಡೆದು, ಒಂದು ಅಮೋನಿಯಾ ಅಣುವನ್ನೂ ಮೂರು ನೀರಿನ ಅಣುಗಳನ್ನೂ ಕೊಡುತ್ತದೆ. ಬಹುಮಟ್ಟಿಗೆ ನಿಧಾನವಾದದ್ದು ನೈಟ್ರೇಟು ನೈಟ್ರೈಟಾಗುವ ಮೊದಲ ಹೆಜ್ಜೆ. ತಾಮ್ರವು ಇದನ್ನು ತ್ವರೆಗೊಳಿಸುವುದಾದರೂ ಕ್ರಿಯೆಯು ನೈಟ್ರೈಟಿನಲ್ಲಿಯೇ ನಿಂತುಬಿಡುವ ಭಯವಿರುವುದರಿಂದ, ನಿಕ್ಕಲ್ ಅಥವಾ ಕೋಬಾಲ್ಟನ್ನು ಅದರೊಡನೆ ಬೆರೆಸುವರು. ನೀರೇ ಒಡೆದು ಜಲಜನಕವಾಗಿ ಹಾರಿಹೋದಲ್ಲಿ ಅಷ್ಟು ವಿದ್ಯುತ್ತು ವ್ಯರ್ಥ.

ಅಮೋನಿಯಾ ಈ ಸೀಮೆಗೆ ಹೊಸದಲ್ಲ: ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ರಾಸಾಯನಿಕ ಗೊಬ್ಬರದ ಕಾರ್ಖಾನೆಯು ಸ್ವಾತಂತ್ರ್ಯಪೂರ್ವದಲ್ಲಿಯೇ ಅಮೋನಿಯಂ ಸಲ್ಫೇಟನ್ನು ತಯಾರಿಸುತ್ತಿದ್ದಿತು. ಗಾಳಿಯ ಸಾರಜನಕವನ್ನು ಬಳಸುವ ಹೇಬರ್-ಬಾಷ್ ವಿಧಾನಕ್ಕೆ 400 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಶಾಖವೂ ನೂರಕ್ಕೂ ಮಿಕ್ಕ ವಾಯುಭಾರದ ಒತ್ತಡವೂ ಬೇಕಾದರೆ, ನೈಟ್ರೇಟಿನ ಬಂಧಗಳು ಸಾರಜನಕಾಣುವಿನ ತ್ರಿಬಂಧಕ್ಕಿಂತ ಬಹು ದುರ್ಬಲವಾದುದರಿಂದ ಈ ವಿಧಾನವು ಸಾಧಾರಣ ಉಷ್ಣತೆಯಲ್ಲಿಯೇ ನಡೆಯುತ್ತದೆ.

ಆದರೂ ಗೊಬ್ಬರದ ಆಸೆಯಿಂದ ಇದನ್ನು ಹೊಗಳುವುದು ಸಲ್ಲದು. ಮಿತಿಯ ಅಂಚಿನಲ್ಲಿರುವ ಸಾವಿರ ಲೀಟರು ನೀರಿನ ನೈಟ್ರೇಟೆಲ್ಲವೂ ಪರಿವರ್ತಿತವಾದರೂ ದೊರೆಯುವ ಅಮೋನಿಯಾ ಸುಮಾರು 12 ಗ್ರಾಂ ಮಾತ್ರ. ಇದರ ನಿಜವಾದ ಬೆಲೆಯಿರುವುದು ನೀರಿನ ಶುದ್ಧಿಯಲ್ಲಿ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ನೈಟ್ರೇಟನ್ನು ನಾಶಮಾಡುವುದಿಲ್ಲ. ಹೊರಚೆಲ್ಲುವ ನೀರಿನಲ್ಲಿ ಅದನ್ನು ಸಾಂದ್ರಗೊಳಿಸಿ ಮತ್ತೆ ನೆಲಕ್ಕೇ ಬಿಡುತ್ತವೆ. ವಿದ್ಯುತ್ಕೋಶವನ್ನು ಅಳವಡಿಸಬೇಕಾದುದು ಆ ಚೆಲ್ಲುನೀರಿಗೆ. ಅಲ್ಲಿಯೂ ಗಡಸುನೀರಿನ ಸುಣ್ಣ, ಮೆಗ್ನೀಸಿಯಂ ಲವಣಗಳು ಋಣಾಗ್ರದ ಮೇಲೆ ಗಟ್ಟಿಕಟ್ಟಿ ಕ್ರಿಯೆಯನ್ನು ಕುಂದಿಸುವುವು. ಹುಟ್ಟಿದ ಅಮೋನಿಯಾವನ್ನೂ ನೀರಿನಲ್ಲಿ ಉಳಿಯಗೊಡದೆ, ಗಾಳಿಯಿಂದ ಹೊರಡಿಸಿ ಗಂಧಕಾಮ್ಲದಲ್ಲಿ ಹೀರಿಸಬೇಕಾಗುತ್ತದೆ.