ಅಂತರ್ಜಾಲದ ಸಂಗೀತ: ಕೇಬಲ್, ಸ್ವಿಚ್ ಬದಲಿಸಿದರೆ ಧ್ವನಿ ಬದಲಾಗುವುದೇ?

ಕ್ಯಾಸೆಟ್ ಹಾಗೂ ಸಿಡಿಗಳ ಕಾಲ ಹಿಂದೆ ಸರಿದು, ಇಂದು ಅನೇಕ ಮನೆಗಳಿಗೆ ಹಾಡು ಅಂತರ್ಜಾಲದ ಮೂಲಕವೇ ಬರುತ್ತಿದೆ. ಮೊಬೈಲ್ ಫೋನಿನಿಂದ ಹಿಡಿದು ದೊಡ್ಡ ಸ್ಪೀಕರ್‌ಗಳ ತನಕ ಎಲ್ಲವೂ ಸ್ಟ್ರೀಮಿಂಗ್ ಸೇವೆಗಳನ್ನು ಅವಲಂಬಿಸಿವೆ. ಇದರ ಜೊತೆಗೆ ಒಂದು ಹೊಸ ಮಾರುಕಟ್ಟೆಯೂ ಬೆಳೆದಿದೆ. ಕೆಲವು ನೂರು ರೂಪಾಯಿಗೆ ಸಿಗುವ ಈಥರ್ನೆಟ್ ಕೇಬಲ್ ಬದಲಿಗೆ ಹತ್ತಾರು ಸಾವಿರ ರೂಪಾಯಿಯ ‘ಆಡಿಯೋ’ ಕೇಬಲ್ ಹಾಕಿದರೆ, ಸಾಧಾರಣ ನೆಟ್‌ವರ್ಕ್ ಸ್ವಿಚ್ ತೆಗೆದು ವಿಶೇಷ ಸ್ವಿಚ್ ಇಟ್ಟರೆ ಹಾಡು ಇನ್ನಷ್ಟು ಇಂಪಾಗುತ್ತದೆ ಎಂಬ ಪ್ರಚಾರ ನಡೆಯುತ್ತಿದೆ. ಇದರಲ್ಲಿ ಎಷ್ಟು ಸತ್ಯವಿದೆ? ದುಡಿದ ಹಣವನ್ನು ಖರ್ಚು ಮಾಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ತಂತಿಯಲ್ಲಿ ಸಾಗುವುದು ಏನು?

ಹಳೆಯ ಟೇಪ್ ರೆಕಾರ್ಡರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ತಂತಿಯಲ್ಲಿ ಧ್ವನಿಯ ಅಲೆಯೇ ವಿದ್ಯುತ್ತಿನ ಏರಿಳಿತವಾಗಿ ಸಾಗುತ್ತದೆ. ದಾರಿಯಲ್ಲಿ ಗೊರಗೊರ ಸದ್ದು ಸೇರಿಕೊಂಡರೆ ಅದು ಹಾಗೆಯೇ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆದುದರಿಂದ ಅಲ್ಲಿ ತಂತಿಯ ಗುಣಮಟ್ಟ ಮುಖ್ಯವಾಗಿತ್ತು, ಈಗಲೂ ಮುಖ್ಯ.

ಈಥರ್ನೆಟ್ ಕೇಬಲ್‌ನಲ್ಲಿ ಹಾಗಲ್ಲ. ಅಲ್ಲಿ ಸಾಗುವುದು ಹಾಡಲ್ಲ, ಹಾಡನ್ನು ವಿವರಿಸುವ ಅಂಕಿಗಳು. ಸಿಡಿ ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಬಾರಿ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಎಡ, ಬಲ ಎರಡೂ ಬದಿಗೆ ಸೇರಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಆಗುತ್ತದೆ. ಸಾಧಾರಣ 100 ಮೆಗಾಬಿಟ್ ಸಂಪರ್ಕಕ್ಕೆ ಇದರ 70 ಪಟ್ಟು ಸಾಮರ್ಥ್ಯವಿದೆ. ಗಿಗಾಬಿಟ್ ಸಂಪರ್ಕಕ್ಕೆ 700 ಪಟ್ಟು. ಆಪಲ್ ಮ್ಯೂಸಿಕ್ 2021ರಿಂದ ನೀಡುತ್ತಿರುವ 24 ಬಿಟ್, 192 ಕಿಲೋಹರ್ಟ್ಸ್ ಧ್ವನಿಗೂ, ಅದನ್ನು ಕುಗ್ಗಿಸದೆ ಕಳುಹಿಸಿದರೆ ಸಹ, ಸೆಕೆಂಡಿಗೆ ಸುಮಾರು 9.2 ಮೆಗಾಬಿಟ್ ಸಾಕು. ಹಾಡಿಗೆ ದಾರಿ ಇಕ್ಕಟ್ಟಾಗುವ ಪ್ರಶ್ನೆಯೇ ಇಲ್ಲ.

ತಪ್ಪಾದರೆ ಏನಾಗುತ್ತದೆ?

ತಂತಿಯಲ್ಲಿ ಸಾಗುವುದು ಕೊನೆಗೂ ವಿದ್ಯುತ್ತೇ ಅಲ್ಲವೇ, ಅದು ಕೆಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಈಥರ್ನೆಟ್ ರೂಪಿಸಿದವರೂ ಇದನ್ನು ಯೋಚಿಸಿದ್ದರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಆರಂಭಿಸಿದ ಈ ತಂತ್ರಜ್ಞಾನ 1983ರಲ್ಲಿ ಐಟ್ರಿಪಲ್‌ಇ ಸಂಸ್ಥೆಯ ಮಾನದಂಡವಾಯಿತು. ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಲೆಕ್ಕಪತ್ರಗಳೆಲ್ಲ ಇಂದು ಇದೇ ತಂತಿಗಳಲ್ಲಿ ಓಡಾಡುತ್ತವೆ. ಒಂದು ಅಂಕಿ ಬದಲಾದರೂ ಅನಾಹುತ.

ಆದುದರಿಂದ ಮಾಹಿತಿಯನ್ನು ಗರಿಷ್ಠ 1500 ಬೈಟ್‌ಗಳ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿನ ಕೊನೆಗೆ 4 ಬೈಟ್‌ಗಳ ತಾಳೆಸಂಖ್ಯೆಯನ್ನು ಸೇರಿಸುತ್ತಾರೆ. ಪಡೆಯುವ ಯಂತ್ರ ತಾನೂ ಲೆಕ್ಕ ಹಾಕಿ ನೋಡುತ್ತದೆ. ತಾಳೆಯಾಗದಿದ್ದರೆ ಆ ತುಣುಕನ್ನು ಎಸೆದು ಬಿಡುತ್ತದೆ. ಸ್ಟ್ರೀಮಿಂಗ್ ಸೇವೆಗಳು ಸಾಮಾನ್ಯವಾಗಿ ಬಳಸುವ ಟಿಸಿಪಿ ಎಂಬ ನಿಯಮಾವಳಿಯ ಪ್ರಕಾರ, ಬಾರದ ತುಣುಕನ್ನು ಕಳುಹಿಸಿದವರೇ ಮತ್ತೆ ಕಳುಹಿಸುತ್ತಾರೆ. ಇದು ರಿಜಿಸ್ಟರ್ಡ್ ಅಂಚೆಯಂತೆ: ಸ್ವೀಕೃತಿ ಬಾರದಿದ್ದರೆ ಇನ್ನೊಂದು ಪ್ರತಿ ಹೊರಡುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಸಿಡಿ ಗುಣಮಟ್ಟದ 4 ನಿಮಿಷದ ಹಾಡಿನಲ್ಲಿ ಸುಮಾರು 34 ಕೋಟಿ ಬಿಟ್‌ಗಳಿರುತ್ತವೆ. ತಾಮ್ರದ ತಂತಿಯ ಗಿಗಾಬಿಟ್ ಈಥರ್ನೆಟ್‌ನ ಮಾನದಂಡವು 1000 ಕೋಟಿ ಬಿಟ್‌ಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪನ್ನು ಒಪ್ಪುವುದಿಲ್ಲ. ಅಂದರೆ ಮಾನದಂಡದ ಅಂಚಿನಲ್ಲಿರುವ ಕೇಬಲ್‌ನಲ್ಲಿಯೂ ಸುಮಾರು 30 ಹಾಡಿಗೆ ಒಂದು ಬಿಟ್ ಮಾತ್ರ ತಪ್ಪಬಹುದು. ಆ ಒಂದು ತಪ್ಪೂ ಸಿಕ್ಕಿಬಿದ್ದು, ಸರಿಯಾದ ತುಣುಕು ಮತ್ತೆ ಬರುತ್ತದೆ. ಕೇಳುಗನಿಗೆ ಅದು ತಿಳಿಯುವುದೇ ಇಲ್ಲ.

ಬಾವಿ, ಟ್ಯಾಂಕಿ ಮತ್ತು ನಳ್ಳಿ

ಮತ್ತೆ ಕಳುಹಿಸುವಾಗ ತಡವಾಗುವುದಿಲ್ಲವೇ? ಆಗುತ್ತದೆ. ಆದರೆ ಅದಕ್ಕೂ ವ್ಯವಸ್ಥೆ ಇದೆ. ಬಾವಿಯ ಪಂಪು ನೀರನ್ನು ಮನೆಯ ಮೇಲಿನ ಟ್ಯಾಂಕಿಗೆ ತುಂಬುತ್ತದೆ. ನಳ್ಳಿಗೆ ನೀರು ಬರುವುದು ಟ್ಯಾಂಕಿಯಿಂದ. ಕರೆಂಟು ಸ್ವಲ್ಪ ಹೊತ್ತು ಹೋಗಿ ಬಂದರೂ ನಳ್ಳಿಯ ಧಾರೆ ಒಂದೇ ಸಮನೆ ಇರುತ್ತದೆ. ಹಾಗೆಯೇ ಅಂತರ್ಜಾಲದಿಂದ ಬಂದ ಮಾಹಿತಿ ಮೊದಲು ಪ್ಲೇಯರಿನ ಸ್ಮೃತಿಕೋಶದಲ್ಲಿ ಸಂಗ್ರಹವಾಗುತ್ತದೆ. ಅಲ್ಲಿಂದ ಅಂಕಿಗಳನ್ನು ಒಂದೊಂದಾಗಿ ತೆಗೆದು ಧ್ವನಿಯಾಗಿ ಪರಿವರ್ತಿಸುವ ಭಾಗ ತನ್ನದೇ ಆದ ಸ್ಫಟಿಕ ಗಡಿಯಾರದ ತಾಳಕ್ಕೆ ಕೆಲಸ ಮಾಡುತ್ತದೆ.

ಇದನ್ನು ಯಾರೂ ಪರೀಕ್ಷಿಸಬಹುದು. ಹಾಡು ನಡೆಯುತ್ತಿರುವಾಗ ಈಥರ್ನೆಟ್ ಕೇಬಲನ್ನು ಕಿತ್ತು ನೋಡಿ. ಸಾಮಾನ್ಯವಾಗಿ ಹಾಡು ಕೂಡಲೇ ನಿಲ್ಲುವುದಿಲ್ಲ. ಕೆಲವು ಸೆಕೆಂಡು, ಕೆಲವೊಮ್ಮೆ ಇಡೀ ಹಾಡೇ ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಕೇಬಲೂ ಇಲ್ಲ, ಸ್ವಿಚ್ಚೂ ಇಲ್ಲ. ಆದರೂ ಧ್ವನಿ ಒಂದಿಷ್ಟೂ ಬದಲಾಗಿರುವುದಿಲ್ಲ. ಕೇಬಲ್ ಇದ್ದಾಗಲೂ ಇಲ್ಲದಾಗಲೂ ಒಂದೇ ರೀತಿ ಕೇಳಿಸುವ ಧ್ವನಿಗೆ ಆ ಕೇಬಲ್ ಬಣ್ಣ ಕೊಡುತ್ತಿತ್ತು ಎನ್ನುವುದು ಕಷ್ಟ.

ಒಂದೇ ಹೆಸರು, ಎರಡು ಸಂಗತಿ

ಜಾಹೀರಾತುಗಳಲ್ಲಿ ಹೆಚ್ಚಾಗಿ ಬರುವ ಪದ ‘ಜಿಟರ್’, ಅಂದರೆ ತಾಳ ತಪ್ಪುವಿಕೆ. ಜಾಲದ ಜಿಟರ್ ಎಂದರೆ ತುಣುಕುಗಳು ಹಿಂದೆಮುಂದೆ ಬರುವುದು; ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಧ್ವನಿ ಪರಿವರ್ತಕದ ಜಿಟರ್ ಎಂದರೆ ಅದರ ಸ್ಫಟಿಕ ಗಡಿಯಾರದ ಅತಿ ಸೂಕ್ಷ್ಮ ಅಲುಗಾಟ. ಇದು ಮಿಲಿಸೆಕೆಂಡಿಗಿಂತ ಕೋಟಿಗಟ್ಟಲೆ ಪಟ್ಟು ಚಿಕ್ಕದು. ಮೊದಲನೆಯದು ಸಂಗ್ರಹದ ಟ್ಯಾಂಕಿಯಲ್ಲಿಯೇ ಮುಗಿದುಹೋಗುತ್ತದೆ. ಎರಡನೆಯದು ಪ್ಲೇಯರಿನ ಒಳಗಿನ ವಿಚಾರ. ಸ್ವಿಚ್ಚಿನೊಳಗೆ ಎಷ್ಟು ದುಬಾರಿ ಗಡಿಯಾರ ಇಟ್ಟರೂ ಪ್ಲೇಯರಿನ ಗಡಿಯಾರ ಅದನ್ನು ಅನುಸರಿಸುವುದಿಲ್ಲ. ಇನ್ನೊಂದು ಮಾತು: ಹಾಡು ಸೇವಾ ಸಂಸ್ಥೆಯ ಕಂಪ್ಯೂಟರಿನಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಹಲವಾರು ಸಾಧಾರಣ ಸ್ವಿಚ್, ರೂಟರ್‌ಗಳನ್ನು ದಾಟಿ ಬಂದಿರುತ್ತದೆ. ಕೊನೆಯ ಒಂದು ಮೀಟರ್ ತಂತಿ ಹೊಸದಾಗಿ ಏನನ್ನೂ ಸೇರಿಸಲಾರದು.

ಹಾಗಾದರೆ ಯಾವಾಗಲೂ ವ್ಯತ್ಯಾಸವಿಲ್ಲವೇ?

ಇದೆ. ಮೂರು ಸಂದರ್ಭಗಳನ್ನು ಗಮನಿಸಬೇಕು.

ಮೊದಲನೆಯದು, ಸಂಪರ್ಕವೇ ಕೆಟ್ಟಿದ್ದಾಗ. ಆಗ ಹಾಡು ನಿಂತು ನಿಂತು ಬರುತ್ತದೆ. ಕೆಲವು ಸೇವೆಗಳಲ್ಲಿ ಗುಣಮಟ್ಟವನ್ನು ‘ಆಟೋ’ ಎಂದು ಇಟ್ಟಿದ್ದರೆ, ಜಾಲ ನಿಧಾನವಾದಾಗ ಆ್ಯಪ್ ತಾನಾಗಿಯೇ ಕಡಿಮೆ ಗುಣಮಟ್ಟದ ಪ್ರತಿಯನ್ನು ತರಿಸಿಕೊಳ್ಳುತ್ತದೆ. ಇಲ್ಲಿ ಜಾಲದಿಂದ ಧ್ವನಿ ನಿಜವಾಗಿಯೂ ಕುಗ್ಗುತ್ತದೆ. ಕೆಟ್ಟ ಕೇಬಲ್ ಬದಲಿಸಿದಾಗ ಹಾಡು ಚೆನ್ನಾಯಿತು ಎಂದು ಅನುಭವದಿಂದ ಹೇಳುವವರ ಮಾತು ಇದರಿಂದ ಸರಿಯಾಗಿರಬಹುದು. ಆದರೆ ಅದಕ್ಕೆ ಬೇಕಿದ್ದುದು ಸರಿಯಾದ ಕೇಬಲ್, ದುಬಾರಿ ಕೇಬಲ್ ಅಲ್ಲ.

ಎರಡನೆಯದು, ಅರ್ಥಿಂಗ್ ಸಮಸ್ಯೆಯ ‘ಗುಂಯ್’ ಎಂಬ ಸದ್ದು. ಸಾಧಾರಣ ಈಥರ್ನೆಟ್ ಕೇಬಲಿನ ಎರಡೂ ತುದಿಗಳ ಯಂತ್ರಗಳಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುವುದರಿಂದ ಯಂತ್ರಗಳ ನಡುವೆ ನೇರ ವಿದ್ಯುತ್ ಸಂಪರ್ಕ ಇರುವುದಿಲ್ಲ. ಆದರೆ ಲೋಹದ ಹೊದಿಕೆಯ ಕೇಬಲ್ ಬಳಸಿದರೆ ಆ ಹೊದಿಕೆಯ ಮೂಲಕವೇ ಎರಡು ಯಂತ್ರಗಳ ಅರ್ಥ್ ಒಂದಾಗಿ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಸ್ಪೀಕರಿಗೆ ನುಸುಳಬಹುದು. ವಿಚಿತ್ರವೆಂದರೆ, ದುಬಾರಿ ಕೇಬಲ್‌ಗಳಲ್ಲಿ ಇಂತಹ ಹೊದಿಕೆ ಸಾಮಾನ್ಯ. ಪರಿಹಾರ ಸುಲಭ: ಹೊದಿಕೆಯಿಲ್ಲದ ಸಾಧಾರಣ ಕೇಬಲ್ ಅಥವಾ ವೈಫೈ ಬಳಸುವುದು.

ಮೂರನೆಯದು, ನೇರ ಪ್ರಸಾರ ಮತ್ತು ಸಭಾಂಗಣದ ಧ್ವನಿ ವ್ಯವಸ್ಥೆ. ಊರಿನ ಮದುವೆ, ಶವಸಂಸ್ಕಾರಗಳನ್ನು ಕೊಲ್ಲಿ ರಾಷ್ಟ್ರಗಳಲ್ಲಿರುವ ಬಂಧುಗಳು ಮನೆಯಿಂದಲೇ ನೋಡುವುದು ಈಗ ಸಾಮಾನ್ಯವಾಗಿದೆ. ಇಲ್ಲಿ ಹೆಚ್ಚು ಹೊತ್ತು ಸಂಗ್ರಹಿಸಿಡಲು ಅವಕಾಶವಿಲ್ಲ. ಜಾಲ ತಡವರಿಸಿದರೆ ಮಾತು ತುಂಡಾಗುತ್ತದೆ. ದೊಡ್ಡ ಸಭಾಂಗಣಗಳಲ್ಲಿ ಬಳಸುವ ಡಾಂಟೆಯಂತಹ ವ್ಯವಸ್ಥೆಗಳಲ್ಲಿ ಮೈಕಿನ ಧ್ವನಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಈಥರ್ನೆಟ್ ಮೂಲಕ ಸ್ಪೀಕರಿಗೆ ತಲುಪಬೇಕು, ಎಲ್ಲ ಯಂತ್ರಗಳ ಗಡಿಯಾರವೂ ಜಾಲದ ಮೂಲಕವೇ ಹೊಂದಿಕೊಳ್ಳಬೇಕು. ಅಲ್ಲಿ ಸ್ವಿಚ್ಚಿನ ಆಯ್ಕೆ ಮುಖ್ಯವಾಗುತ್ತದೆ. ಧ್ವನಿಗೆ ಆದ್ಯತೆ ಕೊಡುವ ವ್ಯವಸ್ಥೆ ಇರಬೇಕು, ವಿದ್ಯುತ್ ಉಳಿಸಲು ಆಗಾಗ ನಿದ್ರಿಸುವ ವ್ಯವಸ್ಥೆಯನ್ನು ನಿಲ್ಲಿಸಬೇಕು. ಹಾಗಿದ್ದರೂ ಇಲ್ಲಿ ಸ್ವಿಚ್ ಸರಿಯಿಲ್ಲದಿದ್ದರೆ ಕೇಳಿಸುವುದು ಟಿಕ್ ಸದ್ದು ಅಥವಾ ಮೌನ; ‘ಮಾಧುರ್ಯ ಕಡಿಮೆಯಾಗುವುದು’ ಅಲ್ಲ.

ಕಿವಿಯ ಸಾಕ್ಷಿ

2008ರಲ್ಲಿ ಡೆನಾನ್ ಕಂಪನಿ ತನ್ನ ಯಂತ್ರಗಳನ್ನು ಜೋಡಿಸಲೆಂದು, ನೋಡಲು ನೆಟ್‌ವರ್ಕ್ ಕೇಬಲಿನಂತೆಯೇ ಇದ್ದ ಒಂದೂವರೆ ಮೀಟರ್ ಕೇಬಲನ್ನು 499 ಡಾಲರ್‌ಗೆ ಮಾರಾಟಕ್ಕಿಟ್ಟು ಜಗತ್ತಿನಾದ್ಯಂತ ಚರ್ಚೆಗೆ ಗುರಿಯಾಯಿತು. 2015ರಲ್ಲಿ ಆರ್ಸ್ ಟೆಕ್ನಿಕಾ ಎಂಬ ಅಮೆರಿಕದ ಜಾಲತಾಣವು ಸುಮಾರು 340 ಡಾಲರ್ ಬೆಲೆಯ ಈಥರ್ನೆಟ್ ಕೇಬಲನ್ನೂ ಅಗ್ಗದ ಕೇಬಲನ್ನೂ ಲಾಸ್ ವೇಗಸ್‌ನಲ್ಲಿ ಪರೀಕ್ಷೆಗೊಡ್ಡಿತು. ಯಾವ ಕೇಬಲ್ ಎಂದು ತಿಳಿಸದೆ ಹಾಡು ಕೇಳಿಸಿದಾಗ, ಭಾಗವಹಿಸಿದವರಿಗೆ ವ್ಯತ್ಯಾಸ ಗುರುತಿಸಲು ಆಗಲಿಲ್ಲ.

ಹಾಗೆಂದು ವ್ಯತ್ಯಾಸ ಕೇಳಿಸಿತು ಎನ್ನುವವರನ್ನು ಸುಳ್ಳುಗಾರರೆನ್ನುವುದು ತಪ್ಪು. ಹಣ ಕೊಟ್ಟು ತಂದ ವಸ್ತುವನ್ನು ನಾವು ಹೆಚ್ಚು ಗಮನವಿಟ್ಟು ಕೇಳುತ್ತೇವೆ. ಹಾಗೆ ಕೇಳಿದಾಗ ಮೊದಲು ಗಮನಿಸದ ತಂಬೂರಿಯ ಶ್ರುತಿಯೋ, ಗಾಯಕರ ಉಸಿರೋ ಕೇಳಿಸುತ್ತದೆ. ಅದು ಮೊದಲೂ ಅಲ್ಲಿತ್ತು.

ಸಂಶಯವಿದ್ದವರು ಮನೆಯಲ್ಲೇ ಪರೀಕ್ಷಿಸಬಹುದು. ಮನೆಯವರೊಬ್ಬರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ಒಂದೋ ಎರಡೋ ಕೇಬಲ್ ಹಾಕಲಿ. ಒಂದೇ ಹಾಡು, ಒಂದೇ ವಾಲ್ಯೂಮ್ ಇರಲಿ. ಹೀಗೆ 10 ಬಾರಿ ಮಾಡಿ ನಿಮ್ಮ ಉತ್ತರ ಬರೆದಿಡಿ. ಐದಾರು ಸರಿಯಾದರೆ ಅದು ಬರೀ ಊಹೆಯಿಂದಲೂ ಬರುವ ಫಲಿತಾಂಶ. ಹತ್ತಕ್ಕೆ ಹತ್ತೂ ಊಹೆಯಿಂದಲೇ ಸರಿಯಾಗುವ ಸಾಧ್ಯತೆ 1,024ರಲ್ಲಿ ಒಂದು ಮಾತ್ರ.

ಕರಾವಳಿಯ ಮನೆಗಳಲ್ಲಿ ಗಮನಿಸಬೇಕಾದುದು

ಕೇಬಲ್ ಬಗ್ಗೆ ಕಾಳಜಿಯೇ ಬೇಡ ಎಂದು ಇದರ ಅರ್ಥವಲ್ಲ. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿಯ ಕೇಬಲ್‌ಗಳು ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಇವು ಮಾನದಂಡಕ್ಕೆ ತಕ್ಕುದಲ್ಲ, ಬೇಗ ತುಂಡಾಗುತ್ತವೆ. ಪೂರ್ತಿ ತಾಮ್ರದ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಕೇಬಲ್ ಕೇಳಿ ಪಡೆಯಿರಿ. ಉದ್ದ 100 ಮೀಟರ್ ಮೀರಬಾರದು. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಸಂಪರ್ಕ ಆಗಾಗ ಕಡಿದರೆ ಮೊದಲು ಅದನ್ನೇ ಬದಲಿಸಿ ನೋಡುವುದು ಲೇಸು. ಗುಡುಗು ಮಿಂಚಿನ ದಿನಗಳಲ್ಲಿ ಮನೆಯ ಹೊರಗಿನಿಂದ, ತೆಂಗಿನ ಮರದಿಂದ ಮರಕ್ಕೆ ಎಳೆದ ತಾಮ್ರದ ತಂತಿಯ ಮೂಲಕ ರೂಟರ್, ಸ್ವಿಚ್, ಪ್ಲೇಯರ್ ಎಲ್ಲವೂ ಸುಟ್ಟುಹೋಗುವ ಅಪಾಯವಿದೆ. ಹೊರಗಿನ ಎಳೆತಕ್ಕೆ ವಿದ್ಯುತ್ ಹರಿಯದ ಫೈಬರ್ ಸುರಕ್ಷಿತ.

ಹಣ ಎಲ್ಲಿ ಸಾರ್ಥಕ?

ಮೊದಲು ಆ್ಯಪಿನ ಸೆಟ್ಟಿಂಗ್ ನೋಡಿ. ಅನೇಕರು ಅತ್ಯುತ್ತಮ ಗುಣಮಟ್ಟಕ್ಕೆ ಹಣ ಕಟ್ಟಿಯೂ ಕಡಿಮೆ ಗುಣಮಟ್ಟದಲ್ಲಿ ಕೇಳುತ್ತಿರುತ್ತಾರೆ. ಅದನ್ನು ಬದಲಿಸಲು ಒಂದು ಪೈಸೆಯೂ ಬೇಡ. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಸಾಮಾನ್ಯವಾಗಿ ಮತ್ತೊಮ್ಮೆ ಕುಗ್ಗಿಸಿ ಕಳುಹಿಸಲಾಗುತ್ತದೆ. ಆದುದರಿಂದ ಮನೆಯ ದೊಡ್ಡ ಸ್ಪೀಕರಿಗೆ ವೈಫೈ ಅಥವಾ ತಂತಿ ಒಳ್ಳೆಯದು. ಬಳಿಕ ಸ್ಪೀಕರನ್ನು ಗೋಡೆಯ ಮೂಲೆಯಿಂದ ಸ್ವಲ್ಪ ಈಚೆಗೆ ತನ್ನಿ. ನುಣುಪು ನೆಲ, ಬರಿ ಗೋಡೆಗಳ ಕೋಣೆಗೆ ಒಂದು ದಪ್ಪ ಪರದೆ, ಒಂದು ಜಮಖಾನ ಹಾಕಿ. ಇವುಗಳಿಂದಾಗುವ ಬದಲಾವಣೆಯನ್ನು ತಿಳಿಯಲು ನಾಣ್ಯದ ಪರೀಕ್ಷೆ ಬೇಕಾಗಿಲ್ಲ, ಅಡುಗೆಕೋಣೆಯಲ್ಲಿರುವವರಿಗೂ ಅದು ಗೊತ್ತಾಗುತ್ತದೆ. ಇನ್ನೂ ಹಣ ಉಳಿದರೆ ಅದನ್ನು ಒಳ್ಳೆಯ ಸ್ಪೀಕರಿಗೆ ಹಾಕಬಹುದು.

ಒಟ್ಟಿನಲ್ಲಿ, ಮನೆಯಲ್ಲಿ ಸ್ಟ್ರೀಮಿಂಗ್ ಹಾಡು ಕೇಳಲು ಕೇಬಲ್ ಮತ್ತು ಸ್ವಿಚ್ ಕೆಲಸ ಮಾಡುತ್ತಿವೆಯೇ ಇಲ್ಲವೇ ಎಂಬುದಷ್ಟೇ ಮುಖ್ಯ. ಕೆಲಸ ಮಾಡುತ್ತಿದ್ದರೆ ಅವು ಹಾಡಿಗೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ಅಂಗಡಿಯವರು ಇದಕ್ಕಿಂತ ಹೆಚ್ಚಿನದನ್ನು ಹೇಳಿದರೆ, ಕೊಳ್ಳುವ ಮೊದಲು ಕಣ್ಣುಮುಚ್ಚಿ ಹತ್ತು ಬಾರಿ ಕೇಳಿ ನೋಡಲು ಅವಕಾಶ ಕೊಡುವಿರಾ ಎಂದು ವಿಚಾರಿಸಿ.