ರೋಗಿ ಊರಲ್ಲೇ ಉಳಿದರು, ವಿದ್ಯೆ ಊರಿಗೆ ಬಂತು

ದೊಡ್ಡ ಡಾಕ್ಟರರನ್ನು ಕಾಣಲು ಬೆಳಗಿನ ಮೊದಲ ಬಸ್ಸು ಹಿಡಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲೂ ಇದೇ ಕಷ್ಟವಿತ್ತು. ಅಲ್ಲಿನ ಆಲ್ಬುಕರ್ಕಿ ನಗರದಲ್ಲಿ ಭಾರತ ಮೂಲದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ ಅವರನ್ನು ಕಾಣಲು ಹೆಪಟೈಟಿಸ್ ಸಿ ರೋಗಿಗಳು 8 ತಿಂಗಳು ಕಾಯಬೇಕಿತ್ತು. ಆಗಿನ ಚಿಕಿತ್ಸೆ ದೀರ್ಘ, ಅಡ್ಡಪರಿಣಾಮಗಳೂ ಹೆಚ್ಚು. ಹಾಗಾಗಿ ಹಳ್ಳಿಯ ವೈದ್ಯರು ಅದಕ್ಕೆ ಕೈಹಾಕಲು ಹಿಂಜರಿಯುತ್ತಿದ್ದರು.

2003ರಲ್ಲಿ ಅರೋರಾ ‘ಪ್ರಾಜೆಕ್ಟ್ ಎಕೋ’ ಆರಂಭಿಸಿದರು. ಹಳ್ಳಿ ಕ್ಲಿನಿಕ್ಕುಗಳ, ಜೈಲುಗಳ ವೈದ್ಯರು ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರುತ್ತಿದ್ದರು. ಒಬ್ಬರು ತಮ್ಮ ರೋಗಿಯ ಹೆಸರು ಹೇಳದೆ ಸಮಸ್ಯೆ ಮುಂದಿಟ್ಟರೆ ತಜ್ಞರು ದಾರಿ ತೋರುತ್ತಿದ್ದರು. ಕೇಳುತ್ತಿದ್ದ ಉಳಿದವರೂ ಕಲಿಯುತ್ತಿದ್ದರು. ಚಿಕಿತ್ಸೆ ಕೊಡುವವರು ಮಾತ್ರ ಆಯಾ ಊರಿನ ವೈದ್ಯರೇ.

ಹೀಗೆ ಕಲಿತವರ ಕೈಯಲ್ಲಿ ರೋಗ ಗುಣವಾಯಿತೇ? 407 ರೋಗಿಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2 ರೋಗಿಗಳು ವೈರಸ್‌ನಿಂದ ಮುಕ್ತರಾಗಿದ್ದರು. ತಜ್ಞರಿಗೆ ಹಳ್ಳಿಯ ವೈದ್ಯರು ಸಮನಾಗಿ ನಿಂತಿದ್ದರು!

ಮಾನಸಿಕ ಆರೋಗ್ಯ ಹಾಗೂ ವ್ಯಸನ ಚಿಕಿತ್ಸೆಯ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಮಾದರಿಯನ್ನು ಬಳಸಿದೆ. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎನ್ನುತ್ತಾರೆ ಹಿರಿಯರು. ಇಲ್ಲಿ ಅದು ಜೀವಗಳನ್ನೂ ಉಳಿಸಿತು.