ದನಿಯೇ ಕೇಳಿಸದ ಮಾಲೀಕ

ಟೆಲಿಫೋನ್ ಗಂಟೆ ಬಾರಿಸುತ್ತದೆ. ಬಾರಿನ ಮ್ಯಾನೇಜರ್ ಆರ್ಚಿ ರಿಸೀವರ್ ಎತ್ತಿ ಅಂಗಡಿಯ ಹೆಸರು, ತನ್ನ ಹೆಸರು ಹೇಳಿ, ಮಾಲೀಕ ಡಫಿ ಇಲ್ಲವೆಂದು ತಿಳಿಸುತ್ತಾನೆ. ಮರುಕ್ಷಣವೇ ಅವನ ದನಿ ಮೆತ್ತಗಾಗುತ್ತದೆ. ಏಕೆಂದರೆ ಆ ತುದಿಯಲ್ಲಿರುವವನು ಡಫಿಯೇ!

ಅಮೆರಿಕದ ‘ಡಫೀಸ್ ಟ್ಯಾವರ್ನ್’ ರೇಡಿಯೊ ಹಾಸ್ಯ ಧಾರಾವಾಹಿ ಆರಂಭವಾಗುತ್ತಿದ್ದುದು ಹೀಗೆ. 1941ರಿಂದ 1951ರವರೆಗೆ ಪ್ರಸಾರವಾದ ಈ ಕಾರ್ಯಕ್ರಮದಲ್ಲಿ ಡಫಿಯ ದನಿ ಕೇಳಿಸಲೇ ಇಲ್ಲ. ಆದರೂ ಅವನ ಸಿಡುಕು, ಜಿಪುಣತನಗಳೆಲ್ಲ ಆರ್ಚಿಯ ಉತ್ತರಗಳಿಂದಲೇ ಕೇಳುಗರಿಗೆ ಗೊತ್ತಾಗುತ್ತಿದ್ದವು. ಇಲ್ಲದವನನ್ನು ಇರುವಂತೆ ಮಾಡುವುದು ರೇಡಿಯೊಗೆ ಸಾಧ್ಯವಿದ್ದ ಕಲೆ.

ಅಮೆರಿಕದಲ್ಲಿ 1920ರಲ್ಲಿ ಜಾರಿಗೆ ಬಂದ ಪಾನನಿಷೇಧ ತೆರವಾದದ್ದು 1933ರಲ್ಲಿ. ಅದಾದ ಎಂಟೇ ವರ್ಷಕ್ಕೆ, ಮನೆಮಂದಿಯೆಲ್ಲ ಕೂತು ಕೇಳುವ ರೇಡಿಯೊದೊಳಗೆ ನ್ಯೂಯಾರ್ಕಿನ ಥರ್ಡ್ ಅವೆನ್ಯೂದ ಒಂದು ಬಡ ಬಾರು ಬಂದು ಕೂತಿತು. ಅಲ್ಲಿ ಕುಡಿತಕ್ಕಿಂತ ಮಾತೇ ಮುಖ್ಯವಾಗಿತ್ತು.

ಆ ಮಾತು ಎಂಥದು? ಉದ್ಘೋಷಕರು ತಿದ್ದಿ ತೀಡಿದ ಇಂಗ್ಲಿಷ್ ಆಡುತ್ತಿದ್ದ ಕಾಲದಲ್ಲಿ ಆರ್ಚಿಯದು ನ್ಯೂಯಾರ್ಕಿನ ಬೀದಿ ಭಾಷೆ. ದೊಡ್ಡ ಪದಗಳನ್ನು ಬಳಸಲು ಹೋಗಿ ಅವನ್ನು ತಲೆಕೆಳಗು ಮಾಡುವುದು ಅವನ ಚಾಳಿ. ಆ ಪಾತ್ರ ವಹಿಸಿದ ಎಡ್ ಗಾರ್ಡ್ನರ್ ಅದೇ ನಗರದ ಕ್ವೀನ್ಸ್ ಭಾಗದವರು. ಹೆಸರಾಂತ ತಾರೆಯರು ಅತಿಥಿಗಳಾಗಿ ಬಂದರೂ ಆರ್ಚಿಯ ಅಣಕದಿಂದ ಪಾರಾಗುತ್ತಿರಲಿಲ್ಲ.

ಆರ್ಚಿಯ ಜಂಬ ಇಳಿಸಲು ಮಾತ್ರ ಮಾಣಿ ಎಡ್ಡಿ ಇದ್ದ. ಪಾತ್ರಧಾರಿ ಎಡ್ಡಿ ಗ್ರೀನ್ ಕರಿಯ ಜನಾಂಗದ ಹಾಸ್ಯನಟ. ಅಂದಿನ ಅತಿ ಜನಪ್ರಿಯ ‘ಏಮಸ್ ಅಂಡ್ ಆಂಡಿ’ ಧಾರಾವಾಹಿಯ ಇಬ್ಬರು ಕರಿಯ ನಾಯಕರಿಗೆ ದನಿ ಕೊಟ್ಟವರು ಬಿಳಿಯ ನಟರು! ಗ್ರೀನ್‌ಗೆ ಸಿಕ್ಕಿದ್ದೂ ಸೇವಕನ ಪಾತ್ರವೇ, ನಿಜ. ಆದರೆ ಆ ಬಾರಿನಲ್ಲಿ ಬುದ್ಧಿವಂತ ಯಾರೆಂಬ ಪ್ರಶ್ನೆ ಬಂದಾಗ ಕೇಳುಗರಿಗೆ ಅನುಮಾನ ಇರುತ್ತಿರಲಿಲ್ಲ. ಗ್ರೀನ್ 1950ರಲ್ಲಿ ತೀರಿಕೊಂಡರು.

1945ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ಇದನ್ನು ತಾರೆಗಳ ದಂಡು ಕಟ್ಟಿ ಚಲನಚಿತ್ರ ಮಾಡಿತು. 1954ರಲ್ಲಿ ಟಿ.ವಿ.ಗೂ ಬಂತು, ಆದರೆ ಹೆಚ್ಚು ದಿನ ಬಾಳಲಿಲ್ಲ. ಕೇಳುಗರು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಬಾರಿಗೆ ಬಡಗಿ ಕಟ್ಟಿದ ಸೆಟ್ಟು ಸಮನಾಗುವುದು ಕಷ್ಟವೇ.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ಧಾರಾವಾಹಿಯ ಆರಂಭದ ವರ್ಷಗಳ ಮುಖ್ಯ ಬರಹಗಾರ ಏಬ್ ಬರೋಸ್. ಅವರ ಮಗ ಜೇಮ್ಸ್ ಬರೋಸ್ ಇಬ್ಬರು ಜೊತೆಗಾರರೊಡನೆ ರೂಪಿಸಿದ ‘ಚಿಯರ್ಸ್’ 1982ರಿಂದ 1993ರವರೆಗೆ ಟಿ.ವಿ.ಯಲ್ಲಿ ಗೆದ್ದಿತು. ಅದೂ ಬಾಸ್ಟನ್ನಿನ ಒಂದು ಬಾರಿನ ಕಥೆ. ಅಲ್ಲಿನ ಖಾಯಂ ಗಿರಾಕಿ ನಾರ್ಮ್ ಸದಾ ಪತ್ನಿ ವೆರಾಳ ಮಾತೆತ್ತುತ್ತಾನೆ. ಹನ್ನೊಂದು ವರ್ಷ ನೋಡಿದರೂ ವೀಕ್ಷಕರಿಗೆ ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ. ತಂದೆಯ ಬಾರಿನಲ್ಲಿ ದನಿಯಿಲ್ಲದ ಡಫಿ, ಮಗನ ಬಾರಿನಲ್ಲಿ ಮುಖವಿಲ್ಲದ ವೆರಾ!